ದೊಡ್ಡ ಬಂಗಲೆಯ ಕಥೆಗೆ ನಾನು ಸೇರಿಸಿದ ಹಾಲು

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ದಾಂಡೇಲಿಯಿಂದ ಹಳಿಯಾಳಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುವುದು, ಒಂದೇ ಪದ್ಯವನ್ನು ಮೂರು ಸೆಕ್ಷನ್ನಿಗೆ ಮೂರು ಸಲ ಹೇಳುವುದು, ಮಕ್ಕಳು ಕಿಟಕಿಯಾಚೆ ನೋಡುತ್ತಿರುವುದನ್ನು ನಾನು ನೋಡುವುದು, ಇದರಲ್ಲೇ ಇಪ್ಪತ್ತೆರಡು ವರ್ಷ ಕಳೆದಿವೆ. ಇಷ್ಟು ವರ್ಷಗಳಲ್ಲಿ ನನ್ನ ಒಂದೊಂದು ಮಾತನ್ನೂ ಎತ್ತಿಟ್ಟುಕೊಂಡು ಕೇಳಿದವಳು ಒಬ್ಬಳೇ. ನನ್ನ ಖಾಲಾ, ಅಂದರೆ ನನ್ನ ತಾಯಿಯ ಅಕ್ಕ. ಅವಳು ಶಾಲೆಯ ಮುಖ ಕಂಡವಳಲ್ಲ. ಅವಳಿಗೇ ನಾನು ಒಂದು ಕಥೆಯನ್ನು ತಪ್ಪಾಗಿ ಹೇಳಿದೆ. ಅರ್ಥವಾಗದೆ ತಪ್ಪಿದ್ದಲ್ಲ, ಗೊತ್ತಿದ್ದೂ ತಪ್ಪಾಗಿ ಹೇಳಿದ್ದು. ಅದರಿಂದ ಒಂದು ಮದುವೆ ಮುರಿಯಿತು. ಮನಸ್ಸು ಹಗುರಾಗಲಿ ಎಂದು ಇದನ್ನು ಬರೆಯುತ್ತಿಲ್ಲ. ಹಗುರಾಗುವುದಿಲ್ಲ ಎನ್ನುವುದು ನನಗೆ ಗೊತ್ತಾಗಿದೆ.

ಖಾಲಾಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡ ಕಾಗದದ ಮಿಲ್ಲಿನಲ್ಲಿ ಕೆಲಸ ಮಾಡಿ ತೀರಿಕೊಂಡವರು. ಮಗ ಬೆಳಗಾವಿಯಲ್ಲಿ ಲಾರಿ ಬುಕಿಂಗ್ ಆಫೀಸಿನಲ್ಲಿದ್ದಾನೆ. ಅವಳ ಜೊತೆಗಿರುವುದು ಮಗಳು, ನನ್ನ ತಂಗಿ. ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು ಎಂಬ ಲೆಕ್ಕ ನಮ್ಮಲ್ಲಿಲ್ಲ. ನಾನು ಎತ್ತಿ ಆಡಿಸಿದ ಹುಡುಗಿ, ನನ್ನನ್ನು ಆಪಾ ಎಂದು ಕರೆಯುತ್ತಾಳೆ. ಹಳಿಯಾಳದಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಹೀಗಾಗಿ ಹೋಗುವ ಬಸ್ಸೂ ಬರುವ ಬಸ್ಸೂ ನಮಗೆ ಒಂದೇ. ಮನೆಯಲ್ಲಿ ನಮ್ಮದು ಉರ್ದು, ಆದರೆ ಖಾಲಾ ತೇರಗಾಂವದ ಹೊಲದಲ್ಲಿ ಕನ್ನಡ ಮಾತಾಡಿಕೊಂಡು ಬೆಳೆದವಳು. ಸಿಟ್ಟು, ನಗು, ಗುಟ್ಟು ಎಲ್ಲವೂ ಅವಳಿಗೆ ಕನ್ನಡದಲ್ಲೇ ಬರುತ್ತವೆ.

ಆ ವರ್ಷ ನಮ್ಮನೆಗೆ ಇಂಟರ್ನೆಟ್ ಬರುವ ದೊಡ್ಡ ಟಿ.ವಿ. ಬಂತು. ಶನಿವಾರ ನನಗೆ ಮುಂಜಾನೆಯ ಶಾಲೆ. ಮಧ್ಯಾಹ್ನ ಜೋಹರ್ ನಮಾಜು ಮುಗಿಸಿ ಖಾಲಾ ಒಂದು ಮೊರದ ತುಂಬ ಬಳ್ಳೊಳ್ಳಿ ಹಿಡಿದುಕೊಂಡು ಬರುತ್ತಿದ್ದಳು. ಬರಿಗೈಯಲ್ಲಿ ಟಿ.ವಿ. ನೋಡುವುದು ಸೋಮಾರಿಗಳ ಕೆಲಸ ಎಂದು ಅವಳ ನಂಬಿಕೆ. ಬಳ್ಳೊಳ್ಳಿ ಸುಲಿಯುತ್ತಾ ನೋಡಿದರೆ ಅದು ಕೆಲಸದ ಲೆಕ್ಕಕ್ಕೆ ಸೇರುತ್ತದೆ. ಹಾಗೆ ಒಂದು ಶನಿವಾರ ಅವಳ ಕಣ್ಣಿಗೆ ಬಿದ್ದದ್ದು ಒಂದು ಬ್ರಿಟಿಷ್ ಧಾರಾವಾಹಿ. ನೂರು ವರ್ಷದ ಹಿಂದಿನ ಕಾಲ, ಕಲ್ಲಿನ ದೊಡ್ಡ ಬಂಗಲೆ, ಮೇಲಿನ ಮಹಡಿಯಲ್ಲಿ ಸಾಹೇಬರ ಕುಟುಂಬ, ಕೆಳಗಿನ ಅಡುಗೆಮನೆಯಲ್ಲಿ ಬಿಳಿ ಟೊಪ್ಪಿಗೆಯ ಆಳುಗಳು. ನಾನು ಚಾನೆಲ್ ಬದಲಿಸಲು ಹೋದರೆ ಖಾಲಾ ತಡೆದಳು.

"ಇರ್ಲಿ ತಡಿ. ಅಷ್ಟು ದೊಡ್ಡ ಮನಿ ಝಾಡಿಸೋರು ಯಾರು, ನೋಡೂಣು."

ಅಂದಿನಿಂದ ಅದು ನಮ್ಮ ಶನಿವಾರದ ನೇಮವಾಯಿತು. ಅವರು ಇಂಗ್ಲಿಷಿನಲ್ಲಿ ಮಾತಾಡುವುದು, ನಾನು ರಿಮೋಟ್ ಒತ್ತಿ ನಿಲ್ಲಿಸಿ ಕನ್ನಡದಲ್ಲಿ ಹೇಳುವುದು, ಖಾಲಾ ಅದಕ್ಕೊಂದು ತೀರ್ಪು ಕೊಡುವುದು. ಸಾಹೇಬನ ಹೆಂಡತಿಯನ್ನು ನಾವು ದೊಡ್ಡಬಾಯಿ, ಅಂದರೆ ದೊಡ್ಡ ಯಜಮಾನಿ, ಎಂದೆವು. ಮೂರು ಜನ ಹೆಣ್ಣುಮಕ್ಕಳಲ್ಲಿ ಕಿರಿಯವಳ ಮೇಲೆ ಖಾಲಾಳಿಗೆ ಜೀವ. ಆ ಹುಡುಗಿಗೆ ಬಂಗಲೆಯ ತೋಟ ನೋಡುವವನ ಮಗನ ಮೇಲೆ ಪ್ರೀತಿ.

ನಾನು ಮೊದಲ ದಿನದಿಂದಲೇ ಕಥೆಗೆ ಕೈ ಹಚ್ಚಿದ್ದೆ. ಅವರು ಕುಡಿಯುವ ದ್ರಾಕ್ಷಾರಸ ನನ್ನ ಬಾಯಲ್ಲಿ ಶರಬತ್ತು ಆಗುತ್ತಿತ್ತು. ಹಂದಿ ಮಾಂಸ ಕುರಿಯದಾಗುತ್ತಿತ್ತು. ಹುಡುಗ ಹುಡುಗಿ ಹತ್ತಿರ ಬಂದರೆ ನನ್ನ ಹೆಬ್ಬೆರಳು ರಿಮೋಟಿನ ಮೇಲೆ ಸಿದ್ಧವಾಗಿರುತ್ತಿತ್ತು. "ಏನಾತು? ಯಾಕ ಹಾರಿಸಿದಿ?" ಎಂದು ಖಾಲಾ ಕೇಳಿದರೆ, "ಏನಿಲ್ಲ, ಸಲಾಂ ಹೇಳಿ ಹೋದ್ರು" ಎನ್ನುತ್ತಿದ್ದೆ. "ಭಾಳ ಸಲಾಂ ಮಾಡ್ತಾರವ್ವಾ ಈ ಮಂದಿ" ಎಂದು ಅವಳು ಗಂಭೀರವಾಗಿ ಹೇಳಿದಾಗ ನಾನು ನಗು ತಡೆಯಲು ನೀರು ಕುಡಿಯಲು ಏಳಬೇಕಾಗುತ್ತಿತ್ತು. ಹಿರಿಯರ ಮುಂದೆ ಇಂಥದ್ದೆಲ್ಲ ಬಾಯಿಬಿಟ್ಟು ಹೇಳಲಾಗುವುದಿಲ್ಲ. ಅಲ್ಲದೆ ಹೀಗೆ ತಿದ್ದಿ ಹೇಳುವುದರಲ್ಲಿ ನನಗೆ ಒಂದು ಖುಷಿಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಆಗಲೇ ನಮ್ಮ ಮನೆಯಲ್ಲೂ ಒಂದು ಪ್ರೀತಿ ಗಟ್ಟಿಯಾಗಿತ್ತು. ಬಸ್ ನಿಲ್ದಾಣದ ಹತ್ತಿರ ದ್ವಿಚಕ್ರ ವಾಹನದ ಗ್ಯಾರೇಜು ಇಟ್ಟಿದ್ದ ಒಬ್ಬ ಹುಡುಗ ನನ್ನ ತಂಗಿಯನ್ನು ಮೆಚ್ಚಿದ್ದ, ಇವಳೂ ಮೆಚ್ಚಿದ್ದಳು. ಹೊರಗಿನವನಲ್ಲ. ಹಿಂದೆ ಮಿಲ್ಲಿನ ಕ್ವಾರ್ಟರ್ಸಿನಲ್ಲಿದ್ದಾಗ ಖಾಲಾಳ ಪಕ್ಕದ ಮನೆಯಲ್ಲೇ ಹುಟ್ಟಿದ ಹುಡುಗ. ಇವಳಿಗಿಂತ ಐದು ವರ್ಷಕ್ಕೆ ದೊಡ್ಡವನು. ತಾಯಿ ಅವನು ಶಾಲೆಗೆ ಹೋಗುವಾಗಲೇ ತೀರಿಕೊಂಡಿದ್ದಳು. ಅವನ ತಂದೆ ಬಂದು ಹೆಣ್ಣು ಕೇಳಿದಾಗ ಖಾಲಾ ಎದ್ದು ಚಹದ ಕಪ್ಪುಗಳನ್ನು ಒಳಗಿಟ್ಟು ಬಂದು, "ಹುಡುಗೀನ ಕೇಳ್ರಿ" ಎಂದಷ್ಟೇ ಹೇಳಿದ್ದಳು. ಮಂಗ್ನಿಯ, ಅಂದರೆ ನಿಶ್ಚಿತಾರ್ಥದ ದಿನ ಅವನ ಬಾಯಿಗೆ ಸಕ್ಕರೆ ಹಾಕುವಾಗ ಅವಳ ಕೈ ತಪ್ಪಿ ಅರ್ಧ ಸಕ್ಕರೆ ಅವನ ಅಂಗಿಯ ಮೇಲೆ ಚೆಲ್ಲಿತು. ಮಗಳನ್ನು ಕೊಡುವ ತಾಯಿಗೆ ಹಾಗಾಗುತ್ತದೆ ಎಂದುಕೊಂಡೆವು. ನಿಕಾಹ್ ಐದು ತಿಂಗಳಿಗೆ ಎಂದು ನಿಶ್ಚಯವಾಯಿತು.

ಧಾರಾವಾಹಿಯ ಗುಟ್ಟು ಹೊರಬಿದ್ದದ್ದು ನಿಕಾಹಿಗೆ ಇನ್ನೂ ಎರಡು ತಿಂಗಳಿದ್ದಾಗ. ಆ ಕಂತಿನಲ್ಲಿ ದೊಡ್ಡಬಾಯಿಗೆ ಗಂಡನ ಹಳೆಯ ಪೆಟ್ಟಿಗೆಯಲ್ಲಿ ಒಂದು ಕಾಗದ ಸಿಗುತ್ತದೆ. ತೋಟದವನ ಮಗ ತೋಟದವನ ಮಗನೇ ಅಲ್ಲ, ಸಾಹೇಬನಿಗೇ ಹುಟ್ಟಿದವನು ಎಂದು ಅದರಲ್ಲಿ ಬರೆದಿರುತ್ತದೆ. ಅಂದರೆ ಪ್ರೀತಿಸಿದವರು ಒಬ್ಬನೇ ತಂದೆಯ ಮಕ್ಕಳು. ದೊಡ್ಡಬಾಯಿ ಕಾಗದ ಹಿಡಿದು ಕುರ್ಚಿಗೆ ಕುಸಿದಳು. ನಾನು ರಿಮೋಟ್ ಒತ್ತಿದೆ.

"ಏನಂತ ಐತಿ ಅದರಾಗ?" ಖಾಲಾ ಕೇಳಿದಳು.

ನನ್ನ ಮುಖ ಬಿಸಿಯಾಯಿತು. ಸಾಹೇಬನಿಗೂ ತೋಟದವನ ಹೆಂಡತಿಗೂ ಸಂಬಂಧವಿತ್ತು ಎಂದು ಐದು ಹೊತ್ತು ನಮಾಜು ಮಾಡುವ ಅರವತ್ತರ ಹೆಂಗಸಿಗೆ ಹೇಗೆ ಹೇಳಲಿ? ಆ ಒಂದು ಕ್ಷಣದಲ್ಲಿ ನನಗೆ ದೊಡ್ಡ ಜಾಣತನ ಹೊಳೆಯಿತು.

"ಆ ಹುಡುಗ ಕೂಸಿದ್ದಾಗ ದೊಡ್ಡಬಾಯಿ ಅವಂಗ ಹಾಲು ಕುಡಿಸಿದ್ಲಂತ ಖಾಲಾ. ಅದನ್ನ ನೋಡಿದವ್ರು ಯಾರೋ ಬರದಾರ."

ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಒಬ್ಬಳ ಎದೆಹಾಲು ಕುಡಿದ ಕೂಸು ಅವಳಿಗೆ ಮಗುವೇ. ಅವಳು ಹೆತ್ತ ಮಕ್ಕಳೆಲ್ಲ, ಮುಂಚೆ ಹುಟ್ಟಿರಲಿ ಆಮೇಲೆ ಹುಟ್ಟಲಿ, ಆ ಕೂಸಿಗೆ ಒಡಹುಟ್ಟಿದವರು. ಅವರ ನಡುವೆ ನಿಕಾಹ್ ಆಗುವಂತಿಲ್ಲ. ಅದಕ್ಕೇ ಹಳೆಯ ಕಾಲದ ಹೆಂಗಸರು ಬೇರೆಯವರ ಕೂಸಿಗೆ ಹಾಲು ಕೊಟ್ಟರೆ ನಾಲ್ಕು ಜನರಿಗೆ ಗೊತ್ತಾಗುವಂತೆ ಹೇಳಿಡುತ್ತಿದ್ದರು. ಹೀಗಾಗಿ ಸಾಹೇಬನ ಪಾಪ ಮುಚ್ಚಿತು, ಅಣ್ಣ ತಂಗಿ ಎಂಬ ಅಡ್ಡಿ ಉಳಿಯಿತು, ಕಥೆಯೂ ಮುಂದೆ ಓಡುತ್ತದೆ. ಇಂಗ್ಲೆಂಡಿನಲ್ಲಿ ಇಂಥ ಕಟ್ಟು ಇಲ್ಲ ಎನ್ನುವುದು ಖಾಲಾಳಿಗೆ ಹೇಗೆ ಗೊತ್ತಾಗಬೇಕು? ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಖಾಲಾಳ ಕೈ ನಿಂತಿತ್ತು. ಅರ್ಧ ಸುಲಿದ ಬಳ್ಳೊಳ್ಳಿಯ ಎಸಳು ಹಾಗೇ ಬೆರಳಲ್ಲಿತ್ತು.

"ಆ ಮಂದಿಗೂ ಗೊತ್ತೈತೇನು ಇದು?"

"ಎಲ್ಲಾ ಕಡೆ ಇರತೈತಿ."

"ಎಷ್ಟು ಸಲ ಕುಡಿಸಿದ್ಲಂತ?"

"ಅದೆಲ್ಲಾ ಬರದಿಲ್ಲ" ಎಂದು ನಾನು ರಿಮೋಟ್ ಒತ್ತಿ ಕಂತನ್ನು ಮುಂದೆ ಓಡಿಸಿದೆ. ಅವಳು ಆ ದಿನ ಕಂತು ಮುಗಿಯುವ ಮುಂಚೆ ಎದ್ದು ಹೋದಳು. ಮೊರವನ್ನು ಬಿಟ್ಟು ಹೋಗಿದ್ದಳು. ನಾನೇ ಉಳಿದದ್ದನ್ನು ಸುಲಿದು ಸಂಜೆ ಕೊಟ್ಟು ಬಂದೆ. ಮೊಣಕಾಲು ನೋವಿರಬೇಕು ಎಂದುಕೊಂಡೆ. ಇಂಥ ವಿಷಯದಲ್ಲಿ ನಾನು ಎಷ್ಟು ದಡ್ಡಿ ಎನ್ನುವುದು ನನ್ನ ವಿದ್ಯಾರ್ಥಿಗಳಿಗೆ ಗೊತ್ತಾಗಬಾರದು.

ಮುಂದಿನ ವಾರಗಳಲ್ಲಿ ಅವಳಿಗೆ ಬೇರೆ ಯಾವುದೂ ಬೇಡವಾಯಿತು. ಅಡುಗೆಮನೆಯ ಆಳುಗಳ ಜಗಳ ಬಂದರೆ ದಾಟಿಸು ಎನ್ನುತ್ತಿದ್ದಳು. "ದೊಡ್ಡಬಾಯಿ ಹೇಳಿದ್ಲೇನು?" ಎನ್ನುವುದೊಂದೇ ಪ್ರಶ್ನೆ. ದೊಡ್ಡಬಾಯಿ ಹೇಳುತ್ತಿರಲಿಲ್ಲ. ಕಿಟಕಿಯ ಬಳಿ ನಿಂತು ಮಳೆ ನೋಡುತ್ತಿದ್ದಳು, ಇಂಗ್ಲಿಷಿನವರಿಗೆ ಅದೊಂದು ಚಟ. ಒಂದು ಶನಿವಾರ ಅವಳು ಚರ್ಚಿಗೆ ಹೋಗಿ ಪಾದ್ರಿಯ ಮುಂದೆ ಕುಳಿತಳು. ಪಾದ್ರಿ ನಿಜಕ್ಕೂ ಹೇಳಿದ್ದು, ಆತುರಪಡಬೇಡಿ, ಕಾಗದ ನಿಜವೋ ಸುಳ್ಳೋ ಮೊದಲು ವಿಚಾರಿಸಿ, ಅಷ್ಟೇ. ಆದರೆ ನನಗೆ ಆ ದಿನ ಶಾಲೆಯಲ್ಲಿ ತಲೆ ಕೆಟ್ಟಿತ್ತು. ಒಬ್ಬ ಹುಡುಗಿಯ ತಾಯಿ ಮಗಳ ವಯಸ್ಸು ಮುಚ್ಚಿಟ್ಟು ಮದುವೆಗೆ ತಯಾರಿ ನಡೆಸಿದ್ದಳು. ಹೆಡ್‌ಮಾಸ್ತರರ ಕೋಣೆಯಲ್ಲಿ ಆಕೆಯ ಜೊತೆ ದೊಡ್ಡ ವಾದ ಮಾಡಿ ಬಂದಿದ್ದೆ. ಆ ಸಿಟ್ಟು ಇನ್ನೂ ನಾಲಿಗೆಯ ಮೇಲಿತ್ತು.

"ಪಾದ್ರಿ ಏನಂದ?" ಎಂದು ಖಾಲಾ ಕೇಳಿದಳು.

"ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತಾಕಿ ಎಂಥಾ ತಾಯಿ, ಅಂದ. ಮಕ್ಕಳ ಕಣ್ಣಿಗೆ ಬಟ್ಟಿ ಕಟ್ಟಿ ಬಾವಿಗೆ ದೂಡಿದಂಗ ಇದು, ಅಂದ."

"ಹಂಗಂದ್ನಾ?"

"ಹಂಗ ಅಂದ."

ಖಾಲಾ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಕಣ್ಣಲ್ಲಿ ನೀರಿತ್ತು. ಬಳ್ಳೊಳ್ಳಿಯ ಖಾರ ಎಂದಳು. ನಾನು ನಂಬಿದೆ. ನಂಬಲಿಕ್ಕೆ ನನಗೆ ಮನಸ್ಸಿತ್ತು, ಏಕೆಂದರೆ ನನ್ನ ಮಾತು ನಾಟಿದ್ದನ್ನು ಕಂಡು ಒಳಗೇ ಹಿಗ್ಗಿದ್ದೆ. ಹೈಸ್ಕೂಲಿನಲ್ಲಿ ನಾನು ಎಷ್ಟು ಮನಸ್ಸಿಟ್ಟು ಓದಿದರೂ ಯಾರ ಕಣ್ಣೂ ಒದ್ದೆಯಾಗಿದ್ದಿಲ್ಲ.

ಕೊನೆಯ ಕಂತನ್ನು ನಾನು ಮೊದಲೇ ಬಸ್ಸಿನಲ್ಲಿ ಮೊಬೈಲಿನಲ್ಲಿ ನೋಡಿಬಿಟ್ಟೆ. ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡೆ. ಕಾಗದ ಸುಳ್ಳಂತೆ. ಸಾಹೇಬನ ಮೇಲಿನ ಹಗೆಗೆ ಯಾರೋ ಬರೆದದ್ದಂತೆ. ಹುಡುಗ ತೋಟದವನ ಮಗನೇ. ಚರ್ಚಿನ ಗಂಟೆ ಹೊಡೆಯಿತು, ಹೂವು ತೂರಿದರು, ಕಿರಿಯವಳು ಅವನ ಕೈ ಹಿಡಿದು ನಗುತ್ತಾ ಹೊರಗೆ ಬಂದಳು. ಈಗ ನಾನೇನು ಮಾಡಲಿ? ಅವರ ಕಥೆಯಲ್ಲಿ ಇದ್ದದ್ದು ಕಾಗದ, ಅದು ಸುಳ್ಳಾಗಬಹುದು. ನನ್ನ ಕಥೆಯಲ್ಲಿ ಕುಡಿಸಿದವಳೇ ದೊಡ್ಡಬಾಯಿ. ತಾನು ಹಾಲು ಕೊಟ್ಟಿದ್ದೆನೋ ಇಲ್ಲವೋ ಎಂದು ಯಾವ ತಾಯಿ ಮರೆಯುತ್ತಾಳೆ?

ಆ ಹಾಲು ಕುಡಿದದ್ದು ಬೇರೆ ಕೂಸು, ತೋಟದವನ ಇನ್ನೊಬ್ಬ ಮಗ, ಅದು ಆಮೇಲೆ ಗೊತ್ತಾಯಿತು ಎಂದು ಒಂದು ಮಾತು ಸೇರಿಸಿದ್ದರೆ ಮುಗಿಯುತ್ತಿತ್ತು. ನಾನು ತಿರುಗಿಸದ ಕಥೆಯೇ? ಈ ಮಾತು ನನಗೆ ಆಮೇಲೆ ಹೊಳೆಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದೂ ಸುಳ್ಳು. ಬಸ್ಸಿನಲ್ಲೇ ಹೊಳೆದಿತ್ತು. ಆದರೆ ಅದು ಸಪ್ಪೆ ಅನಿಸಿತು. ಇಷ್ಟು ವಾರ ಖಾಲಾಳನ್ನು ಅಳಿಸಿ, ಕೊನೆಗೆ ಏನೂ ಆಗಿರಲಿಲ್ಲ ಎಂದು ಹೇಳುವುದು ನನ್ನ ಕಥೆಗೆ ಒಪ್ಪುವುದಿಲ್ಲ ಎನಿಸಿತು.

ಶನಿವಾರ ಮದುವೆಯ ದೃಶ್ಯಕ್ಕೆ ಮುಂಚೆಯೇ ಟಿ.ವಿ. ಆರಿಸಿ, ನೆಟ್ ಹೋಯಿತು ಎಂದೆ. "ಮುಂದಿಂದು ನಾ ನೋಡೀನಿ ಖಾಲಾ, ಹೇಳ್ತೇನಿ" ಎಂದು ಕೂತೆ. ದೊಡ್ಡಬಾಯಿ ಮಗಳ ಕೋಣೆಗೆ ಹೋದಳು ಎಂದೆ. ಬಾಗಿಲು ಹಾಕಿ ಎಲ್ಲ ಹೇಳಿದಳು ಎಂದೆ. ಮಗಳು ಮೊದಲು ಅತ್ತಳು, ಆಮೇಲೆ ತಾಯಿಯ ಕೈಗೆ ಮುತ್ತಿಟ್ಟು, ನೀ ನನ್ನನ್ನು ಉಳಿಸಿದಿ ಎಂದಳು ಎಂದೆ. ಮದುವೆ ನಿಂತಿತು, ಆದರೆ ಆ ಮನೆಯಲ್ಲಿ ಎಲ್ಲರ ಮನಸ್ಸೂ ತಣ್ಣಗಾಯಿತು ಎಂದೆ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನನಗೇ ಅದು ನಿಜ ಅನಿಸಿತು.

ಖಾಲಾ ಮೊರ ಎತ್ತಿಕೊಂಡು ನಿಂತಳು.

"ಮಗಳು ಸಿಟ್ಟಾಗಲಿಲ್ಲಾ?"

"ಇಲ್ಲ ಖಾಲಾ. ತಾಯಿ ಕೈಗೆ ಮುತ್ತು ಕೊಟ್ಲು ಅಂದ್ನಲ್ಲ."

ಮರುದಿನ ಭಾನುವಾರ. ಬೆಳಿಗ್ಗೆ ಹತ್ತು ಗಂಟೆಗೆ ತಂಗಿ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಚಪ್ಪಲಿ ಇರಲಿಲ್ಲ. ನಾನು ಚಪಾತಿ ಲಟ್ಟಿಸುತ್ತಿದ್ದೆ.

"ಆಪಾ, ಅಮ್ಮಿ ಏನೇನೋ ಹೇಳಾಕತ್ತಾಳ. ಬಾ."

ಹೋದೆ. ಖಾಲಾ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಒಂದು ಸಲ ಮಗಳಿಗೆ ಹೇಳಿದ್ದನ್ನು ನನಗೂ ಹೇಳಿದಳು. ಮೂವತ್ತು ವರ್ಷದ ಹಿಂದೆ ಪಕ್ಕದ ಮನೆಯ ಬಾಣಂತಿಗೆ ವಿಷಮ ಜ್ವರ ಬಂದು ಹುಬ್ಬಳ್ಳಿಗೆ ಒಯ್ದಿದ್ದರು. ಮೂರು ತಿಂಗಳ ಕೂಸನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದರು. ಕೂಸು ಬಾಟಲಿ ಮುಟ್ಟಲಿಲ್ಲ, ಅತ್ತು ಅತ್ತು ದನಿ ಹೋಯಿತು. ಖಾಲಾಳ ಮಗನಿಗೆ ಆಗ ಎಂಟು ತಿಂಗಳು. ಅಜ್ಜಿ ಆಡಿನ ಹಾಲು ತರಲು ಹೋದಾಗ ಖಾಲಾ ಬಾಗಿಲು ಮುಂದೆ ಮಾಡಿ ಕೂಸನ್ನು ಎದೆಗೆ ಹಾಕಿಕೊಂಡಳು. ಮರುದಿನವೂ ಒಂದು ಸಲ. ಮೊಮ್ಮಗನ ಹಾಲು ಬೇರೆಯವರಿಗೆ ಕೊಟ್ಟಳು ಎಂದು ಅತ್ತೆ ಕೂಗಾಡುತ್ತಾಳೆ ಎನ್ನುವ ಹೆದರಿಕೆಗೆ ಯಾರಿಗೂ ಹೇಳಲಿಲ್ಲ.

"ಆಮ್ಯಾಲೆ ಹೇಳಿದ್ರಾತು ಅಂದ್ನಿ. ಆಮ್ಯಾಲೆ ಇವಳು ಹುಟ್ಟಿದ್ಲು. ಆಮ್ಯಾಲೆ ಕ್ವಾರ್ಟರ್ಸ್ ಬಿಟ್ವಿ. ಯಾರಿಗೆ ಗೊತ್ತಿತ್ತು ಬೇಟಾ, ಇವರಿಬ್ರೇ ಒಬ್ರನ್ನೊಬ್ರು ನೋಡ್ತಾರಂತ? ಎರಡ ಸಲ. ಎರಡ ಸಲಕ್ಕ ಏನಾಗತೈತಿ ಅಂತ ನಾಲ್ಕು ತಿಂಗಳಾತು ನನಗ ನಾನ ಸಮಾಧಾನ ಹೇಳ್ಕೊಂಡೀನಿ. ದೊಡ್ಡಬಾಯಿ ಹೇಳಿದ್ಲಲ್ಲ. ಆಕಿಗೆ ಆಗಿದ್ದು ನನಗ ಯಾಕ ಆಗಬಾರದು?"

ಆಮೇಲೆ ಮಗಳ ಕಡೆ ನೋಡಿದಳು. ಏನೋ ಕಾಯುತ್ತಿದ್ದಳು. ಅವಳು ಏನನ್ನು ಕಾಯುತ್ತಿದ್ದಾಳೆ ಎನ್ನುವುದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕೈಯನ್ನು ಸ್ವಲ್ಪ ಮುಂದೆ ಕೂಡ ಚಾಚಿದ್ದಳು. ತಂಗಿ ಆ ಕೈಯನ್ನು ನೋಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಗಲೂ ನಾನು ಬಾಯಿ ಬಿಡಬಹುದಿತ್ತು. ಖಾಲಾ, ಆ ಕಥೆಯಲ್ಲಿ ಹಾಲೇ ಇಲ್ಲ, ನಾನು ಕಟ್ಟಿದ್ದು ಎನ್ನಬಹುದಿತ್ತು. ಅದರಿಂದ ಅವಳು ಕುಡಿಸಿದ ಹಾಲು ಸುಳ್ಳಾಗುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಅವಳು ಯಾರ ಬೆನ್ನು ನೋಡಿಕೊಂಡು ಇಷ್ಟು ದೂರ ಬಂದಳೋ ಅವಳು ಇರಲೇ ಇಲ್ಲ ಎಂದಾದರೂ ಗೊತ್ತಾಗುತ್ತಿತ್ತು. ನಾನು ಹೇಳಲಿಲ್ಲ. ನೀರು ತಂದುಕೊಟ್ಟೆ.

ಹುಡುಗನ ತಂದೆ ಮೌಲಾನಾ ಅವರನ್ನು ಕೇಳಿದರು. ಸಾಕ್ಷಿ ಯಾರೂ ಉಳಿದಿರಲಿಲ್ಲ. ಅಜ್ಜಿ, ತಾಯಿ, ಖಾಲಾಳ ಅತ್ತೆ, ಎಲ್ಲರೂ ಮಣ್ಣಾಗಿದ್ದರು. ನಮ್ಮ ಕಡೆಯ ಲೆಕ್ಕದಲ್ಲಿ ಒಂದು ಗುಟುಕು ಇಳಿದರೂ ಹಾಲು ಹಾಲೇ ಎಂದು ಮೌಲಾನಾ ಮೆಲ್ಲಗೆ ಹೇಳಿದರು. ಕಾನೂನಿಗೆ ಸಾಕ್ಷಿ ಬೇಕು ಎಂದು ನೀವು ವಾದಿಸಬಹುದು, ಆದರೆ ಈ ಮಾತು ಕಿವಿಗೆ ಬಿದ್ದ ಮೇಲೆ ಒಂದು ಮನೆಯಲ್ಲಿ ಹೇಗೆ ಬಾಳುತ್ತೀರಿ ಎಂದರು. ಹುಡುಗ ಸಂಜೆ ಗ್ಯಾರೇಜಿನಿಂದ ನೇರ ಬಂದ. ಕೈಯಲ್ಲಿ ಇನ್ನೂ ಗ್ರೀಸಿತ್ತು.

"ಖರೇನಾ ಖಾಲಾ?" ಎಂದ.

"ಖರೇ ಬೇಟಾ."

ಅವನು ಹೊಸ್ತಿಲು ದಾಟದೆ ಹಾಗೇ ತಿರುಗಿ ಹೋದ. ಮುದ್ರಿಸಿ ತಂದಿದ್ದ ಮದುವೆ ಕಾರ್ಡುಗಳನ್ನು ಹಿತ್ತಲಲ್ಲಿ ಸುಟ್ಟವಳು ನಾನು. ಆ ಕೆಲಸ ನನ್ನದೇ ಎನಿಸಿತ್ತು.

ಆಮೇಲೆ ಅವನು ಗ್ಯಾರೇಜನ್ನು ರಾಮನಗರಕ್ಕೆ ಒಯ್ದ. ಗೋವೆಗೆ ಹೋಗುವ ಗಾಡಿಗಳು ಅಲ್ಲಿ ಹೆಚ್ಚು, ಧಂದೆ ಚಲೋ ಎಂದು ಎಲ್ಲರಿಗೂ ಹೇಳಿದ. ಎರಡು ಮೂರು ತಿಂಗಳಿಗೊಮ್ಮೆ ದಾಂಡೇಲಿಗೆ ಬಂದರೆ ಖಾಲಾಳ ಮನೆಗೆ ಬಂದೇ ಹೋಗುತ್ತಾನೆ. ಈಗ ಅವಳನ್ನು ಅಮ್ಮಿ ಎನ್ನುತ್ತಾನೆ. ತಾಯಿಯಿಲ್ಲದೆ ಬೆಳೆದವನಿಗೆ ತಾಯಿ ಸಿಕ್ಕಳು ಎಂದು ಓಣಿಯ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಖಾಲಾ ಅವನ ತಟ್ಟೆಗೆ ಮತ್ತೆ ಮತ್ತೆ ಬಡಿಸುತ್ತಾಳೆ. ಅಣ್ಣನ ಮುಂದೆ ಪರದೆಯ ಕಟ್ಟಿಲ್ಲ, ತಲೆ ಮುಚ್ಚಬೇಕೆಂದೂ ಇಲ್ಲ. ಆದರೂ ಅವನು ಬಂದ ಸಪ್ಪಳ ಕೇಳಿದರೆ ನನ್ನ ತಂಗಿ ದುಪಟ್ಟಾ ಹಣೆಯವರೆಗೆ ಎಳೆದುಕೊಳ್ಳುತ್ತಾಳೆ. ಖಾಲಾ ಒಂದು ಸಲ, "ಅಣ್ಣನ ಮುಂದ ಯಾಕ?" ಎಂದಳು. ಅವಳು ಇನ್ನೂ ಸ್ವಲ್ಪ ಕೆಳಗೆ ಎಳೆದುಕೊಂಡಳು. ನಾನು ಅಲ್ಲಿದ್ದೆ. ಅಂದಿನಿಂದ ಅವನು ಬಂದ ದಿನ ನಾನು ಆ ಕಡೆ ಹೋಗುವುದನ್ನು ಬಿಟ್ಟಿದ್ದೇನೆ.

ಒಂದು ವರ್ಷ ಹೀಗೇ ಹೋಯಿತು. ಮುಂಡಗೋಡದಿಂದ ಒಂದು ಸಂಬಂಧ ಬಂತು, ತಂಗಿ ಬೇಡವೆಂದಳು. ಖಾಲಾ ಒತ್ತಾಯ ಮಾಡಲಿಲ್ಲ. ಒಂದು ಸಂಜೆ ಹಳಿಯಾಳದ ಬಸ್ಸಿನಲ್ಲಿ ನಾವಿಬ್ಬರೂ ಪಕ್ಕಪಕ್ಕ ಕೂತಿದ್ದೆವು. ಕಬ್ಬಿನ ಗಾಡಿಗಳು ಅಡ್ಡ ನಿಂತು ಬಸ್ಸು ಮುಂದೆ ಹೋಗುತ್ತಿರಲಿಲ್ಲ. ಅವಳು ಮೊಬೈಲಿನಿಂದ ಇಯರ್‌ಫೋನ್ ತೆಗೆದು ಸುತ್ತಿ ಚೀಲಕ್ಕೆ ಹಾಕಿದಳು.

"ಆಪಾ, ಆ ಬಂಗಲೀದು ಪೂರಾ ನೋಡಿದ್ನಿ ನಾ."

ಅವಳು ಬಿ.ಕಾಂ. ಓದಿದವಳು. ಇಂಗ್ಲಿಷ್ ಅವಳಿಗೆ ಅರ್ಥವಾಗುತ್ತದೆ. ಅವಳಿಗೆ ಇಂಗ್ಲಿಷ್ ಕಲಿಸಿದವಳೂ ನಾನೇ.

"ಅದರಾಗ ಹಾಲಿನ ಮಾತ ಇಲ್ಲ."

"ಇಲ್ಲ."

"ಕಡೀಕ ಮದುವಿ ಆಗತೈತಿ."

"ಹೌದು."

ಯಾಕೆ ಹಾಗೆ ಹೇಳಿದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನಾಚಿಕೆ, ಹಿರಿಯರು, ಮರ್ಯಾದೆ ಎಂದು ಏನಾದರೂ ಹೇಳುತ್ತಿದ್ದೆ. ಮುಂದಿನ ಸೀಟಿನ ಕಬ್ಬಿಣದ ಸರಳನ್ನು ಹಿಡಿದುಕೊಂಡಳು.

"ನೀ ಇದ್ದದ್ದ ಇದ್ದಂಗ ಹೇಳಿದ್ರ ಅಮ್ಮಿ ಬಾಯಿ ಬಿಡ್ತಿರಲಿಲ್ಲ. ನಾ ಇವತ್ತ ಅವನ ಮನ್ಯಾಗ ಇರ್ತಿದ್ನಿ."

"ಅದು ಪಾಪ ಆಗ್ತಿತ್ತಲ್ಲ" ಎಂದೆ. ನನ್ನ ದನಿ ನನಗೇ ಹೇಸಿಗೆಯಾಯಿತು.

"ಗೊತ್ತೈತಿ. ಆದ್ರ ನನಗ ಗೊತ್ತ ಇರ್ತಿರಲಿಲ್ಲ."

ಬಸ್ಸು ಹೊರಟಿತು. ಕಂಡಕ್ಟರು ಹಿಂದೆ ಯಾರ ಜೊತೆಗೋ ಜಗಳ ಮಾಡುತ್ತಿದ್ದ. ನಾನು ಅವಳ ಕೈ ಹಿಡಿಯಲು ಹೋದೆ. ಕೊಸರಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ತಪ್ಪಾತು" ಎಂದೆ. "ಖಾಲಾಗ ನಾನ ಹೇಳ್ತೇನಿ. ಇವತ್ತ ಹೇಳ್ತೇನಿ."

"ಅಮ್ಮಿಗೆ ಹೇಳಬ್ಯಾಡ." ಈಗ ಅವಳು ನನ್ನ ಮುಖ ನೋಡಿದಳು. "ದೊಡ್ಡಬಾಯಿನೂ ಹೇಳಿದ್ಲು, ನಾನೂ ಹೇಳಿದ್ನಿ ಅಂತ ದಿನಾ ಅಂತಾಳ ಆಕಿ. ಅದೊಂದ ಆಕಿ ಹಂತ್ಯಾಕ ಉಳದೈತಿ. ಅದನ್ನೂ ಕಸಗೋಬ್ಯಾಡ ನೀ."

ನನಗೆ ಅವಳು ಬೈದಿದ್ದರೆ ಬೇಕಿತ್ತು. ಬೈಸಿಕೊಂಡರೆ ಅಳಬಹುದು, ಅತ್ತರೆ ಅರ್ಧ ಮುಗಿದಂತೆ. ಅವಳು ಆ ಅವಕಾಶ ಕೊಡಲಿಲ್ಲ. ಮನೆಯ ಹತ್ತಿರ ಇಳಿಯುವಾಗ ನನ್ನ ಊಟದ ಡಬ್ಬಿಯ ಚೀಲವನ್ನೂ ಅವಳೇ ಎತ್ತಿಕೊಂಡಳು, ದಿನಾ ಎತ್ತಿಕೊಳ್ಳುವ ಹಾಗೆ. ಅದನ್ನು ತಡೆಯುವ ಧೈರ್ಯವೂ ನನಗೆ ಬರಲಿಲ್ಲ.

ಕಳೆದ ಶನಿವಾರ ಖಾಲಾ ಮತ್ತೆ ಮೊರ ಹಿಡಿದು ಬಂದಳು. ಆ ಗಲಾಟೆಯ ನಂತರ ಅವಳು ನಮ್ಮನೆಯಲ್ಲಿ ಟಿ.ವಿ. ನೋಡಿರಲಿಲ್ಲ. ಅಂಗಡಿಗೆ ರಜೆಯಿದ್ದುದರಿಂದ ತಂಗಿಯೂ ಬಂದು ಗೋಡೆಗೆ ಒರಗಿ ಕೂತಿದ್ದಳು. ಆ ಧಾರಾವಾಹಿಯ ಹೊಸ ಭಾಗ ಬಂದಿದೆ ಎಂದು ಟಿ.ವಿ. ತಾನಾಗಿಯೇ ತೋರಿಸಿತು. ಅದೇ ಕಲ್ಲಿನ ಬಂಗಲೆ, ಅದೇ ಮಳೆ. ನಾನು ರಿಮೋಟ್ ಹುಡುಕುವಷ್ಟರಲ್ಲಿ ಖಾಲಾ ನೋಡಿಬಿಟ್ಟಳು.

"ಅಯ್ಯ, ನಮ್ಮ ದೊಡ್ಡಬಾಯಿ!" ಎಂದಳು. ಎಷ್ಟೋ ದಿನದ ಮೇಲೆ ಗೆಳತಿಯನ್ನು ಕಂಡ ದನಿ. ಆಮೇಲೆ ಬಳ್ಳೊಳ್ಳಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು, "ಆ ಸಣ್ಣಾಕಿ ಈಗ ಹೆಂಗದಾಳ? ಮುಂದ ಮದುವಿ ಆತೇನು ಆಕೀದು?"

ನಾನು ಇನ್ನೂ ರಿಮೋಟ್ ಹುಡುಕುತ್ತಲೇ ಇದ್ದೆ. ಖಾಲಾ ನನ್ನನ್ನೇ ನೋಡುತ್ತಿದ್ದಳು. ತಂಗಿ ಮೊರದಿಂದ ಒಂದು ಗಡ್ಡೆ ತೆಗೆದುಕೊಂಡು ಬಿಡಿಸತೊಡಗಿದಳು.

"ಆತು ಅಮ್ಮಿ," ಎಂದಳು. "ನಾನೂ ನೋಡೀನಿ. ಚಲೋ ಮನಿ ಸಿಕ್ತು ಆಕಿಗೆ. ಆರಾಮ ಅದಾಳ."

"ತಾಯಿ ಮ್ಯಾಲೆ ಸಿಟ್ಟಿಲ್ಲಲ್ಲ?"

"ಇಲ್ಲ."

ಖಾಲಾಳ ಮುಖ ಬೆಳಗಿತು. ಅಲ್ಲಾಹನಿಗೆ ಶುಕರ್ ಎಂದು ಸೆರಗು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಏನೋ ನೆನಪಾಗಿ ತಲೆ ಎತ್ತಿದಳು.

"ಮತ್ತ ಆ ಹುಡುಗ?"

ತಂಗಿಯ ಬೆರಳು ನಿಂತಿತು. ಮಡಿಲಲ್ಲಿ ಬಿದ್ದ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದಳು. ಎದ್ದು ನಿಂತಳು.

"ಅದನ್ನ ಆಪಾ ಹೇಳ್ತಾಳ" ಎಂದು ಹೊರಗೆ ಹೋದಳು.